ಸೋದೆಯ ಐದು ಕಾಲಿನ ಮಂಚ

"ಅತ್ತೆ, ನಿಮ್ಮೂರಲ್ಲಿ ಅರಮನೆ ಇಲ್ವಾ?"

ಮೈಸೂರಿನಿಂದ ಕ್ರಿಸ್‌ಮಸ್ ರಜೆಗೆ ಬಂದ ಹುಡುಗಿ ಎರಡನೇ ದಿನವೇ ಕೇಳಿದಳು. ನನ್ನ ನಾದಿನಿಯ ಮಗಳು, ಐದನೇ ಕ್ಲಾಸು. ದಸರೆಗೆ ಅರಮನೆಯ ದೀಪ ಹೊತ್ತುವುದನ್ನು ಪ್ರತಿ ವರ್ಷ ನೋಡಿ ಬೆಳೆದವಳು. ಅವಳ ಲೆಕ್ಕದಲ್ಲಿ ಊರು ಅಂದ ಮೇಲೆ ಬಸ್‌ಸ್ಟ್ಯಾಂಡ್, ಪೇಟೆ, ಅರಮನೆ ಮೂರೂ ಇರಲೇಬೇಕು. ಶಿರಸಿಯಲ್ಲಿ ಮೊದಲ ಎರಡು ತೋರಿಸಿ ಮುಗಿದಿತ್ತು.

"ಯಾಕಿಲ್ಲ? ಸೋದೆಯಲ್ಲಿದೆ" ಅಂದುಬಿಟ್ಟೆ. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಕಾರವಾರದವಳು, ಶಿರಸಿಗೆ ಬಂದು ಹದಿನಾಲ್ಕು ವರ್ಷ. ಸೋದೆ ನಮ್ಮ ಪಕ್ಕದಲ್ಲೇ ಇರುವ, ಹಿಂದೆ ಅರಸರ ರಾಜಧಾನಿಯಾಗಿದ್ದ ಊರು. ಅಲ್ಲಿಗೆ ನಾನು ಹೋದದ್ದೆಲ್ಲ ಮಠಕ್ಕೆ. ಕೋಟೆ ಕಡೆ ಒಮ್ಮೆಯೂ ತಲೆ ಹಾಕಿರಲಿಲ್ಲ.

"ಅಲ್ಲಿ ಎಂತ ಇದ್ದು ನೋಡಲೆ? ಕಲ್ಲು, ಗಿಡ" ಅಂದರು ನಮ್ಮ ಅತ್ತೆ, ಒಣಗಲು ಹಾಕಿದ ಅಡಿಕೆ ಕೈಯಾಡಿಸುತ್ತ. ಆದರೂ ಹೊರಡುವಾಗ ಡೇಪಾ ಎಣ್ಣೆಯ ಬಾಟಲಿ ತಂದು ಕೈಗಿಟ್ಟರು. ಚಳಿಗಾಲದಲ್ಲಿ ಕಾಡಿಗೆ ಹೋಗುವುದಾದರೆ ಉಣುಗಿನ ಭಯ. ಅದರಿಂದ ಹರಡುವ ಮಂಗನ ಕಾಯಿಲೆಯ ಹೆಸರು ಕೇಳಿದರೆ ನಮ್ಮ ಕಡೆಯವರು ತಮಾಷೆ ಮಾಡುವುದಿಲ್ಲ. ಹುಡುಗಿಗೆ ಕಾಲಿಂದ ಕುತ್ತಿಗೆವರೆಗೆ ಬಳಿದೆವು. ಅರಮನೆ ನೋಡಲು ಎಣ್ಣೆ ಹಚ್ಚಿಕೊಂಡು ಹೋಗಬೇಕಾ ಅಂತ ಅವಳಿಗೆ ನಗು.

ಯಲ್ಲಾಪುರ ರಸ್ತೆ ಹಿಡಿದೆವು. ದಾರಿಯಲ್ಲಿ ಸಹಸ್ರಲಿಂಗ. ಶಾಲ್ಮಲಾ ಹೊಳೆಯಲ್ಲಿ ನೀರು ಇಳಿದಿತ್ತು, ಬಂಡೆ ಬಂಡೆಯ ಮೇಲೂ ಲಿಂಗ, ಎದುರಿಗೊಂದು ನಂದಿ. ಇದನ್ನು ಕೆತ್ತಿಸಿದ್ದೂ ಸೋದೆ ಅರಸರೇ ಅನ್ನುತ್ತಾರೆ. ಆದರೆ ಅವತ್ತು ಲಿಂಗಕ್ಕಿಂತ ಸೆಲ್ಫಿಯವರೇ ಜಾಸ್ತಿ ಇದ್ದರು. ಹತ್ತು ನಿಮಿಷಕ್ಕೆ ಎದ್ದು ಬಂದೆವು.

ಕೋಟೆಯ ದಾರಿಯಲ್ಲಿ ಒಂದು ತಿರುವು ತಪ್ಪಿ ಯಾರದೋ ಅಡಿಕೆ ತೋಟದ ದಣಪೆಯವರೆಗೆ ಹೋಗಿ ವಾಪಸ್ ಬಂದೆವು. ಕೊನೆಗೆ ಕಾರು ನಿಲ್ಲಿಸಿ ಇಳಿದರೆ, ಅತ್ತೆ ಹೇಳಿದ್ದೇ ಸರಿ. ಕಲ್ಲು, ಗಿಡ. ಗೋಡೆಯ ಮೇಲೆ ಮರ ಬೆಳೆದು, ಬೇರು ಯಾವುದು ಗೋಡೆ ಯಾವುದು ತಿಳಿಯದ ಹಾಗೆ ಹೆಣೆದುಕೊಂಡಿತ್ತು. ಒಂದು ಕಾಲಕ್ಕೆ ಇಲ್ಲಿ ಮೂರು ಸುತ್ತಿನ ಕೋಟೆ ಇತ್ತಂತೆ, ಒಳಗೆಲ್ಲ ಮನೆಗಳೇ ಇದ್ದವಂತೆ. ಈಗ ಮರಕುಟಿಗದ ಸದ್ದು ಬಿಟ್ಟರೆ ನಮ್ಮದೇ ಚಪ್ಪಲಿಯ ಸದ್ದು.

"ಅರಮನೆ ಎಲ್ಲಿ?"

ನಾನು ಸುಮ್ನೆ ಮುಂದೆ ನಡೆದೆ. ಪುಣ್ಯಕ್ಕೆ ಮಂಚ ಸಿಕ್ಕಿತು.

ಮಂಚ ಅನ್ನುವುದು ನಮ್ಮ ಹುಡುಗಿ ಇಟ್ಟ ಹೆಸರು. ಅರಸರ ಸಿಂಹಾಸನ ಅಂತ ಊರವರ ನಂಬಿಕೆ. ಒಂದೇ ಕಲ್ಲಿನ ಹಾಸು. ಉದ್ದಗಲ ಅಜಮಾಸು 12 ಅಡಿ, ದಪ್ಪ ಅರ್ಧ ಅಡಿ. ಮೇಲ್ಮೈ ಎಷ್ಟು ಸಮ ಅಂದರೆ, ಅವಳು ನೀರಿನ ಬಾಟಲಿ ಅಡ್ಡ ಇಟ್ಟಳು, ಅದು ಉರುಳಲಿಲ್ಲ. ಆಮೇಲೆ ಅದರ ಮೇಲೆ ಮಲಗಿ ಅಳತೆ ಶುರು ಮಾಡಿದಳು. ತಲೆಯಿದ್ದಲ್ಲಿ ಒಂದು ಎಲೆ ಇಡುವುದು, ಅಲ್ಲಿಂದ ಮುಂದೆ ಮತ್ತೆ ಮಲಗುವುದು. ಮೂರು ಸಲ ಮಲಗಿದ ಮೇಲೆ ಕಲ್ಲು ಮುಗಿಯಿತು. ಬಿಸಿಲಿಗೆ ಕಾದ ಕಲ್ಲು, "ಬೆಚ್ಚಗಿದೆ ಅತ್ತೆ, ನೀನೂ ಮಲಗು" ಅಂದಳು. ನಾನು ಸುತ್ತ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಕೂತೆ ಅಷ್ಟೇ.

ಅವಳು ಅಡಿಗೆ ನುಸುಳಿದಳು. ಮೂರಡಿ ಎತ್ತರದ ಕೆತ್ತನೆಯ ಕಂಬಗಳು. ಒಳಗಿಂದ ಎಣಿಸುವ ಸದ್ದು.

"ಮಂಚಕ್ಕೆ ನಾಲ್ಕು ಕಾಲು ಅಲ್ವಾ? ಇದಕ್ಕೆ ಐದಿದೆ!"

ಅಷ್ಟು ಭಾರದ ಕಲ್ಲಿಗೆ ನಾಲ್ಕು ಕಾಲು ಸಾಕಾ ಅಂತ ಅವಳ ಮಾವ ವಿವರಿಸಲು ಹೊರಟರು. ಅವಳಿಗೆ ಬೇಕಾದ್ದು ಬೇರೆ. "ಉಳಿದ ಅರಮನೆ ಯಾರು ತಗೊಂಡು ಹೋದ್ರು?"

"ನಿಮ್ಮ ಕಡೆಯವರೇ" ಅಂದರು ಇವರು. 1763ರಲ್ಲಿ ಬಿದನೂರು ಹಿಡಿದ ಹೈದರಾಲಿಯ ಸೈನ್ಯ ಅದೇ ವರ್ಷ ಸೋದೆಗೂ ಬಂತು. ಅರಸ ಇಮ್ಮಡಿ ಸದಾಶಿವ ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ರಾಜ ಹೋದ ಮೇಲೆ ರಾಜಧಾನಿಯೂ ಹೋಯಿತು. ಮೈಸೂರಿನ ಹಳೇ ಅರಮನೆಯೂ 1897ರಲ್ಲಿ ಸುಟ್ಟಿತ್ತು ತಾನೇ? ಅಲ್ಲಿ ಮತ್ತೆ ಕಟ್ಟಿಸುವವರಿದ್ದರು, 1912ಕ್ಕೆ ಹೊಸದು ಎದ್ದಿತು. ಇಲ್ಲಿ ಯಾರಿದ್ದರು?

ಗೋವಾ ಅಂದ ಕೂಡಲೇ ನನಗೆ ಬೇರೇನೋ ನೆನಪಾಯಿತು. ಕಾರವಾರದ ನಮಗೆ ವರ್ಷಕ್ಕೊಮ್ಮೆಯಾದರೂ ಫೋಂಡಾ ಕಡೆಯ ದೇವಸ್ಥಾನಗಳಿಗೆ ಹೋಗುವ ರೂಢಿ. ಮಂಗೇಶಿ, ಶಾಂತಾದುರ್ಗಾ, ನಾಗೇಶಿ. ಈ ನಾಗೇಶಿ ಇರುವ ಬಾಂದೋಡೆಯಲ್ಲೇ ಸೋದೆ ಅರಸರು ನೆಲೆಸಿದ್ದು. ಸೌಂದೇಕರ್ ರಾಜರು ಅನ್ನುತ್ತಾರೆ ಅಲ್ಲಿ. ಚಿಕ್ಕವಳಿದ್ದಾಗ ಅಪ್ಪ ಬಸ್ಸಿನಿಂದ ಕೈ ತೋರಿಸಿ ಆ ಹೆಸರು ಹೇಳಿದ್ದು ನೆನಪಿದೆ. ಸೌಂದೇ ಅಂದರೆ ಸೋದೆ ಅಂತ ಹೊಳೆಯಲು ನನಗೆ ಈ ಕಲ್ಲಿನ ಮೇಲೆ ಬಂದು ಕೂರಬೇಕಾಯಿತು. ಅಷ್ಟೇ ಅಲ್ಲ, ಶಾಲೆಗೆ ಹೋಗುವಾಗ ದಿನಾ ನೋಡುತ್ತಿದ್ದ ಕಾಳಿ ಹೊಳೆಯಾಚೆಯ ಸದಾಶಿವಗಡ! ಸೋದೆಯ ಬಸವಲಿಂಗ ಅರಸ ಅಪ್ಪ ಸದಾಶಿವನ ಹೆಸರಿಟ್ಟು ಕಟ್ಟಿಸಿದ ಕೋಟೆ ಅದು. ಈಗ ಗುಡ್ಡವನ್ನು ಸೀಳಿಕೊಂಡು ಹೆದ್ದಾರಿ ಹೋಗುತ್ತದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾನೂ ನೋಡಿದವಳಲ್ಲ.

ಹಸಿವಾಗಿತ್ತು, ವಾದಿರಾಜ ಮಠಕ್ಕೆ ನಡೆದೆವು. ಧವಳಗಂಗೆಯಲ್ಲಿ ಕಾಲು ತೊಳೆದು, ತ್ರಿವಿಕ್ರಮ ದೇವರಿಗೆ ಕೈಮುಗಿದು, ಊಟದ ಸಾಲಿನಲ್ಲಿ ಕೂತೆವು. ವಾದಿರಾಜರಿಗೆ ಇಲ್ಲಿ ನೆಲೆ ಕೊಟ್ಟದ್ದು ಅರಸಪ್ಪ ನಾಯಕ. ಆ ಅರಸನ ಅಡುಗೆಮನೆ ಎಲ್ಲಿತ್ತೋ, ಅವನ ಕಾಲದ ಮಠದಲ್ಲಿ ಮಾತ್ರ ಇವತ್ತೂ ಒಲೆ ಉರಿಯುತ್ತಿದೆ. ಜೈನ ಮಠವೂ ಅಷ್ಟೇ, ಸ್ವರ್ಣವಲ್ಲಿಯೂ ಅಷ್ಟೇ, ಎಲ್ಲ ಇದೇ ಸೋದೆಯ ಸುತ್ತ. ವಾದಿರಾಜರು ಕಡಲೆಬೇಳೆ, ಬೆಲ್ಲದ ಹಯಗ್ರೀವವನ್ನು ತಲೆಯ ಮೇಲೆ ಹಿಡಿದರೆ ದೇವರು ಬಿಳಿ ಕುದುರೆಯಾಗಿ ಬಂದು ತಿನ್ನುತ್ತಿದ್ದ ಕಥೆಯನ್ನು ಇವರು ಹೇಳಿದರು. ಹುಡುಗಿ ಅನ್ನ ಸಾರು ಕಲೆಸುತ್ತಲೇ ಎರಡು ಸಲ ಹಿಂದೆ ತಿರುಗಿ ನೋಡಿದಳು.

ಸಂಜೆ ಮನೆಗೆ ಬಂದ ಕೂಡಲೇ ಅತ್ತೆ ಅವಳನ್ನು ಬಚ್ಚಲಿಗೆ ಕರೆದೊಯ್ದು, ಕಿವಿಯ ಹಿಂದೆ, ಕೂದಲ ಬುಡದಲ್ಲಿ ಉಣುಗು ಹುಡುಕಿದರು. ಒಂದೂ ಇರಲಿಲ್ಲ. ರಾತ್ರಿ ಅವಳು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಇಲ್ಲಿ ಅರಮನೆ ಇತ್ತಂತೆ. ಅವರು ಗೋವಾಕ್ಕೆ ಹೋಗುವಾಗ ಮಂಚ ಒಂದನ್ನ ಬಿಟ್ಟು ಹೋಗಿದ್ದಾರೆ. ತುಂಬಾ ಭಾರ ಇದೆ, ಅದಕ್ಕೇ."