ಮಾತ್ರೆಗೆ ಮೊದಲು ಮೂರು ದಿನದ ಹಾಳೆ

ದಾವಣಗೆರೆಯ ಆಸ್ಪತ್ರೆಯೊಂದರ ಮೂತ್ರರೋಗ ವಿಭಾಗದಲ್ಲಿ ನಾನು ಶುಶ್ರೂಷಕಿ. 'ಅವಸರವಾಗುತ್ತದೆ ಸಿಸ್ಟರ್, ಬಚ್ಚಲು ಮುಟ್ಟುವಷ್ಟರಲ್ಲಿ ಸೋರಿಬಿಡುತ್ತದೆ' ಎನ್ನುವವರೆಲ್ಲ ಮೊದಲು ಕೇಳುವುದು ಮಾತ್ರೆಯನ್ನು. ನಾನು ಕೊಡುವುದು ಖಾಲಿ ಹಾಳೆಯನ್ನು. ಏನು ಕುಡಿದಿರಿ, ಯಾವಾಗ ಮೂತ್ರಕ್ಕೆ ಹೋದಿರಿ, ಎಷ್ಟು ಹೋಯಿತು ಎಂದು ಮೂರು ದಿನ ಬರೆದಿಡಬೇಕು. ಅಕ್ಷರ ಬಾರದವರು ಗೆರೆ ಎಳೆದು ತಂದರೂ ಸಾಕು. ಕಾರಣ ತಿಳಿಯದೆ ಕೊಟ್ಟ ಮಾತ್ರೆಯಲ್ಲಿ ನನಗೆ ನಂಬಿಕೆಯಿಲ್ಲ.

ದೊಡ್ಡವರ ಮೂತ್ರಕೋಶ ಸುಮಾರು 300ರಿಂದ 500 ಮಿ.ಲೀ. ಹಿಡಿಯುತ್ತದೆ. ಅದು ತುಂಬುವವರೆಗೆ ಗೋಡೆಯ ಸ್ನಾಯು ಸಡಿಲವಾಗಿರಬೇಕು. ಅತಿ ಚಟುವಟಿಕೆಯ ಮೂತ್ರಕೋಶದಲ್ಲಿ ಆ ಸ್ನಾಯು ಅರ್ಧ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ಹಾಗಾಗಿ ಹಾಳೆಯಲ್ಲಿ ಪ್ರತಿ ಸಲ 80, 100 ಎಂದಿದ್ದರೆ ನನ್ನ ಅನುಮಾನ ಅತ್ತ ತಿರುಗುತ್ತದೆ. ಮೇಲಿಂದ ಮೇಲೆ ಹೋಗಿಯೂ ಪ್ರತಿ ಸಲ 400 ಎಂದಿದ್ದರೆ ದೇಹವೇ ಹೆಚ್ಚು ಮೂತ್ರ ತಯಾರಿಸುತ್ತಿದೆ. ಸಕ್ಕರೆ ಪರೀಕ್ಷೆ ಆಗಲೇಬೇಕು. ರಾತ್ರಿ ಮಾತ್ರ ಹೆಚ್ಚಿದ್ದರೆ ಕಾಲಿನ ಬಾವು ನೋಡುತ್ತೇನೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುತ್ತಿದ್ದಾರೆಯೇ ಎಂದು ಕೇಳುತ್ತೇನೆ. ಸೋಂಕಿದ್ದರೂ ಇದೇ ಅವಸರ ಇರುವುದರಿಂದ ಮೂತ್ರ ಪರೀಕ್ಷೆಯನ್ನು ಬಿಡುವಂತಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಮಂಡಕ್ಕಿ ಭಟ್ಟಿಯ ಕಾವಿನಲ್ಲಿ, ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ದುಡಿಯುವ ಹೆಂಗಸರ ಹಾಳೆಗಳು. ಹೋಗಲು ಜಾಗವಿಲ್ಲ ಎಂದು ಅವರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಆಯಾಸಕ್ಕೆ ಚಹಾ ಮಾತ್ರ ಬೇಕು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. ಚಹಾದ ಕೆಫೀನ್ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಮಲಬದ್ಧತೆಯೂ ಶುರುವಾಗಿ, ಗಟ್ಟಿಯಾದ ಮಲ ಹಿಂದಿನಿಂದ ಮೂತ್ರಕೋಶವನ್ನು ಒತ್ತುತ್ತದೆ. ಅವಸರಕ್ಕೆ ಹೆದರಿ ಅವರು ನೀರನ್ನು ಇನ್ನೂ ಇಳಿಸುತ್ತಾರೆ. ಇಂಥವರಿಗೆ ನೀರನ್ನು ದಿನವಿಡೀ ಹಂಚಿ ಕುಡಿಯಲು, ಚಹಾ ಇಳಿಸಲು, ಮೂತ್ರಕ್ಕೆ ಹೋಗುವ ನಡುವಿನ ಅಂತರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಲು ಹೇಳುತ್ತೇವೆ. ಆದರೆ ಕೆಲಸದ ಜಾಗದಲ್ಲಿ ಶುಚಿಯಾದ ಶೌಚಾಲಯವಿಲ್ಲದೆ ಈ ಸಲಹೆ ಅರ್ಧವೇ. ಇದನ್ನು ಮಾಲೀಕರಿಗೂ ಹೇಳಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ವಯಸ್ಸಾದ ಗಂಡಸರಲ್ಲಿ ಊದಿದ ಪ್ರಾಸ್ಟೇಟ್ ಗ್ರಂಥಿ ದಾರಿಗೆ ಅಡ್ಡವಾಗಿರಬಹುದು. ಅಂಥವರಿಗೆ ಮೂತ್ರ ಪೂರ್ತಿ ಹೋಗುತ್ತಿದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡದೆ ಮೂತ್ರಕೋಶ ಸಡಿಲಿಸುವ ಮಾತ್ರೆ ಕೊಟ್ಟರೆ ಮೂತ್ರವೇ ಕಟ್ಟಿಕೊಳ್ಳಬಹುದು. ಪಾರ್ಶ್ವವಾಯು, ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಬಂದವರಲ್ಲಿ ಮಿದುಳಿನ ಹಿಡಿತವೇ ಸಡಿಲವಾಗಿರುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಹಾರ್ಮೋನಿನ ಇಳಿಕೆಯೂ ಕಾರಣವಾಗುತ್ತದೆ. 'ವಯಸ್ಸಾಯಿತಲ್ಲ, ಸುಮ್ಮನಿರಿ' ಎಂದು ಮನೆಯವರು ತಳ್ಳಿಹಾಕಿದ ಎಷ್ಟೋ ಅಜ್ಜಿಯರಿಗೆ ಚಿಕಿತ್ಸೆ ಇದ್ದೇ ಇತ್ತು.

ಮೂತ್ರದಲ್ಲಿ ರಕ್ತ, ಚಳಿಜ್ವರ, ಅಥವಾ ಇದ್ದಕ್ಕಿದ್ದಂತೆ ಕಾಲಿನ ಬಲ ಕುಂದುವುದು ಕಂಡರೆ ಮಾತ್ರ ಹಾಳೆ ಬರೆಯುತ್ತ ಕೂರಬೇಡಿ, ಅಂದೇ ಆಸ್ಪತ್ರೆಗೆ ಬನ್ನಿ.