ಕರೆಂಟ್ ಹೋಗಿದ್ದೋ, ಕಳವಾಗಿದ್ದೋ: ಊರಮನೆ ಸರ್ವರ್‌ಗೆ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕೊಡಿಸುವ ಕೆಲಸ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿರುವ ನಮ್ಮ ಊರಮನೆಯಲ್ಲಿ ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಒಂದು ಸರ್ವರ್ ಇದೆ. ಅಪ್ಪ ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟ ತಾಳಮದ್ದಲೆಗಳು, ತೋಟದ ಲೆಕ್ಕ, ಪಹಣಿ, ಪಾಲುಪತ್ರ, ಅಜ್ಜಿಯ ಆಸ್ಪತ್ರೆ ಕಾಗದ ಎಲ್ಲದರ ಪ್ರತಿಯೂ ಅದರಲ್ಲಿದೆ. ಮನೆಯಲ್ಲಿ ಅಮ್ಮ ಒಬ್ಬರೇ, ನಾನು ಶಿವಮೊಗ್ಗದಲ್ಲಿ. ಯಾರಾದರೂ ಪೆಟ್ಟಿಗೆ ಎತ್ತಿಕೊಂಡು ಹೋದರೂ ಒಳಗಿನ ಕಾಗದ ಅವರ ಕೈಗೆ ಸಿಗಬಾರದು ಎಂದು ಬೂಟ್ ಭಾಗವೊಂದನ್ನು ಬಿಟ್ಟು ಡಿಸ್ಕ್ ಪೂರ್ತಿ ಲಿನಕ್ಸ್‌ನ ಡಿಸ್ಕ್ ಬೀಗವಾದ ಲಕ್ಸ್ 2ರಲ್ಲಿ ಎನ್‌ಕ್ರಿಪ್ಟ್ ಮಾಡಿದ್ದೇನೆ. ತೊಂದರೆ ಎಂದರೆ, ಪ್ರತಿ ಸಲ ಬೂಟ್ ಆಗುವಾಗಲೂ ಪಾಸ್‌ವರ್ಡ್ ಕೇಳುತ್ತಾ ನಿಂತುಬಿಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಬರುವುದು ಯಾವಾಗ ಎಂದು ಹೇಳುವವರಿಲ್ಲ. ಯುಪಿಎಸ್ ಅರ್ಧ ಗಂಟೆ ಎಳೆದರೆ ಹೆಚ್ಚು.

ಏಪ್ರಿಲ್

ಮೊದಲು ಇರುವ ದಾರಿಗಳನ್ನು ನೋಡಿದೆ. ಡಿಸ್ಕ್ ಬಿಚ್ಚುವ ಮೊದಲೇ ಓಡುವ ಪುಟ್ಟ ವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಡ್ರಾಪ್‌ಬೇರ್ ಎಂಬ ಚಿಕ್ಕ ಎಸ್‌ಎಸ್‌ಎಚ್ ಸರ್ವರ್ ಇಟ್ಟು, ದೂರದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಪಾಸ್‌ವರ್ಡ್ ಟೈಪ್ ಮಾಡಬಹುದು. ಆದರೆ ಕರೆಂಟ್ ಬಂದರೂ ಇಂಟರ್‌ನೆಟ್ ಬರದ ದಿನ ಅದು ಕೆಲಸಕ್ಕೆ ಬಾರದು, ನಮ್ಮಲ್ಲಿ ಅಂಥ ದಿನಗಳೇ ಜಾಸ್ತಿ.

ನೆಟ್‌ವರ್ಕ್‌ನ ಇನ್ನೊಂದು ಯಂತ್ರದ ನೆರವಿನಿಂದ ಡಿಸ್ಕ್ ತಾನಾಗಿ ಬಿಚ್ಚುವಂತೆ ಮಾಡುವ ಟ್ಯಾಂಗ್ ಮತ್ತು ಕ್ಲೆವಿಸ್ ತಂತ್ರಾಂಶಗಳ ಜೋಡಿ ಬಹಳ ಇಷ್ಟವಾಯಿತು. ರೆಡ್ ಹ್ಯಾಟ್‌ನ ಮ್ಯಾಕಲಮ್ ಮತ್ತು ರೆಲ್ಯಾ ರೂಪಿಸಿದ ಲೆಕ್ಕಾಚಾರ ಅದರ ಜೀವಾಳ. ಟ್ಯಾಂಗ್ ಸರ್ವರ್ ಯಾರ ಪಾಸ್‌ವರ್ಡನ್ನೂ ಇಟ್ಟುಕೊಳ್ಳುವುದಿಲ್ಲ. ಕ್ಲೈಂಟ್, ಅಂದರೆ ಬೂಟ್ ಆಗುತ್ತಿರುವ ಯಂತ್ರ, ಮರೆಮಾಡಿ ಕಳಿಸಿದ ಸಂಖ್ಯೆಗೆ ತನ್ನ ಕೀಲಿಯನ್ನು ಸೇರಿಸಿ ಹಿಂದಿರುಗಿಸುತ್ತದೆ, ನಿಜವಾದ ಕೀಲಿ ಕ್ಲೈಂಟ್‌ನಲ್ಲೇ ಮತ್ತೆ ಹುಟ್ಟುತ್ತದೆ. ಸೊಗಸಾದ ಗಣಿತ. ಆದರೆ ಟ್ಯಾಂಗ್‌ಗೆ ಕೇಳುತ್ತಿರುವವರು ಯಾರು ಎಂಬುದು ತಿಳಿಯುವುದಿಲ್ಲ, ತಲುಪಿದವರಿಗೆಲ್ಲ ಉತ್ತರ ಕೊಡುತ್ತದೆ. ನನಗೆ ಒಬ್ಬರನ್ನು ತಡೆದು ನಿಲ್ಲಿಸುವ ಅವಕಾಶ ಬೇಕಿತ್ತು. ಹಾಗಾಗಿ ಇದೇ ಕೆಲಸಕ್ಕಿರುವ ಮ್ಯಾಂಡೋಸ್ ಎಂಬ ಇನ್ನೊಂದು ತಂತ್ರಾಂಶ ಆರಿಸಿಕೊಂಡೆ.

ಮ್ಯಾಂಡೋಸ್ ಬರೆದವರು ಟೆಡ್ಡಿ ಹೋಗೆಬೋರ್ನ್ ಮತ್ತು ಬ್ಯೋರ್ನ್ ಪೋಲ್ಸನ್. ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿಯೇ ಸಿಗುತ್ತದೆ. ಡಿಸ್ಕ್‌ನ ಪಾಸ್‌ವರ್ಡನ್ನು ಕ್ಲೈಂಟ್‌ನ, ಅಂದರೆ ಇಲ್ಲಿ ನಮ್ಮ ಊರಮನೆ ಸರ್ವರ್‌ನ, ಓಪನ್‌ಪಿಜಿಪಿ ಗೂಢಲಿಪಿ ಕೀಲಿಯಿಂದ ಮುಚ್ಚಿ, ಆ ಗಂಟನ್ನು ಇನ್ನೊಂದು ಯಂತ್ರದ ಮೇಲಿರುವ ಮ್ಯಾಂಡೋಸ್ ಸರ್ವರ್‌ಗೆ ಕೊಡುತ್ತೇವೆ. ಬಿಚ್ಚುವ ಕೀಲಿ ಅದರ ಬಳಿ ಇಲ್ಲದ ಕಾರಣ ಆ ಯಂತ್ರವೊಂದೇ ಕಳವಾದರೆ ಏನೂ ಹೋಗುವುದಿಲ್ಲ. ಬೂಟ್ ಆಗುವಾಗ ಕ್ಲೈಂಟ್, ಯಂತ್ರಗಳು ತಾವಾಗಿ ಒಂದನ್ನೊಂದು ಕಂಡುಕೊಳ್ಳುವ ಜೀರೋಕಾನ್ಫ್ ಮೂಲಕ ಮ್ಯಾಂಡೋಸ್ ಸರ್ವರ್ ಹುಡುಕಿ, ಟಿಎಲ್‌ಎಸ್ ಎಂಬ ಗುಪ್ತ ಸಂಪರ್ಕದಲ್ಲಿ ತನ್ನ ಗುರುತು ತೋರಿಸಿ ಗಂಟು ತೆಗೆದುಕೊಳ್ಳುತ್ತದೆ. ಇದೆಲ್ಲ ನಡೆಯುವುದು ಐಪಿವಿ6 ಲಿಂಕ್-ಲೋಕಲ್ ವಿಳಾಸದಲ್ಲಿ, ಅಂದರೆ ಅದೇ ಸ್ಥಳೀಯ ನೆಟ್‌ವರ್ಕ್‌ಗಷ್ಟೇ ಎಂದು ಯಂತ್ರ ತಾನೇ ಇಟ್ಟುಕೊಳ್ಳುವ ವಿಳಾಸದಲ್ಲಿ. ರೌಟರ್ ಏಳುವವರೆಗೆ ಕಾಯಬೇಕಿಲ್ಲ, ವಿಳಾಸ ಹಂಚುವ ಡಿಎಚ್‌ಸಿಪಿ ಬೇಡ, ಇಂಟರ್‌ನೆಟ್ಟೂ ಬೇಡ. ನಮ್ಮಂಥ ಕಡೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣಲಿಲ್ಲ.

ಆದರೆ ಕ್ಲೈಂಟ್‌ನ ಕೀಲಿ ಇರುವುದು ಎನ್‌ಕ್ರಿಪ್ಟ್ ಆಗದ ಬೂಟ್ ಭಾಗದಲ್ಲಿ. ಡಿಸ್ಕ್ ಕದ್ದವರಿಗೆ ಆ ಕೀಲಿ ಸಿಕ್ಕೇ ಸಿಗುತ್ತದೆ. ಅವರಿಗೆ ಸಿಗದಿರುವುದು ಗಂಟು ಮಾತ್ರ. ಎರಡೂ ಯಂತ್ರ ಒಟ್ಟಿಗೆ ಹೋದರೆ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ. ಎರಡನ್ನೂ ಒಂದೇ ಕೋಣೆಯಲ್ಲಿಡುವುದೆಂದರೆ ಬೀಗದ ಪಕ್ಕದಲ್ಲೇ ಕೀಲಿಕೈ ನೇತುಹಾಕಿದ ಹಾಗೆ.

ಮೇ

ಆದ್ದರಿಂದ ಮ್ಯಾಂಡೋಸ್‌ನ ಸರ್ವರ್ ಭಾಗವನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೆ ಹಾಕಿ, ಅಂಗಳದಾಚೆ ಚಿಕ್ಕಪ್ಪನ ಮನೆಯ ಅಟ್ಟದಲ್ಲಿ ಇಟ್ಟೆ. ಅವರ ಮನೆಯ ಇನ್ವರ್ಟರ್‌ಗೆ ಪೈ ಒಂದು ಭಾರವೇ ಅಲ್ಲ.

ಎರಡು ಮನೆಗಳ ನಡುವೆ ತಾಮ್ರದ ಕೇಬಲ್ ಎಳೆಯಲಿಲ್ಲ. ಮುಂಗಾರಿಗೆ ಮೊದಲು ಬರುವ ಗುಡುಗು ಸಿಡಿಲಿನ ಮಳೆಯಲ್ಲಿ ಉದ್ದನೆಯ ಈಥರ್‌ನೆಟ್ ಕೇಬಲ್ ಇದ್ದರೆ ಎರಡೂ ತುದಿಯ ಪೋರ್ಟ್ ಸುಟ್ಟುಹೋಗಬಹುದು. ಹೊರಗೆ ಹಾಕುವ ಫೈಬರ್ ಎಳೆದು ಎರಡು ಕಡೆಗೂ ಫೈಬರ್‌ನ ಬೆಳಕನ್ನು ಈಥರ್‌ನೆಟ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಕೂರಿಸಿದೆ. ಒಂದೇ ಲ್ಯಾನ್ ಆಗಿ ಉಳಿಯುವುದರಿಂದ ಲಿಂಕ್-ಲೋಕಲ್ ಕೂಡ ಹಾಗೇ ನಡೆಯುತ್ತದೆ. ಅಮ್ಮನ ಮನೆ ಕಡೆಯ ಕನ್ವರ್ಟರ್ ಮತ್ತು ಸ್ವಿಚ್ಚನ್ನು ಅಲ್ಲಿನ ಇನ್ವರ್ಟರ್‌ಗೆ ಕೊಟ್ಟಿದ್ದೇನೆ. ಊರಮನೆ ಸರ್ವರ್‌ನ ಬಯಾಸ್ ಸೆಟ್ಟಿಂಗ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವಂತೆ ಮಾಡಿದ್ದಾಯಿತು.

ಜೂನ್

ನಿಜವಾದ ತೊಡಕು ಎದುರಾಗಿದ್ದು ಇಲ್ಲಿ.

ಮ್ಯಾಂಡೋಸ್ ಸರ್ವರ್ ತನ್ನ ಕ್ಲೈಂಟ್‌ಗಳನ್ನು ಆಗಾಗ ಮಾತಾಡಿಸಿ ನೋಡುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ 2 ನಿಮಿಷಕ್ಕೊಮ್ಮೆ ತಪಾಸಣೆ, 5 ನಿಮಿಷ ಸುಳಿವಿಲ್ಲದಿದ್ದರೆ ಆ ಕ್ಲೈಂಟ್ ನಿಷ್ಕ್ರಿಯ. ಆಮೇಲೆ ಬಂದು ಕೇಳಿದರೆ ಗಂಟು ಕೊಡುವುದಿಲ್ಲ. ಸುಮ್ಮನೆ ರೀಬೂಟ್ ಆದ ಯಂತ್ರ 5 ನಿಮಿಷದೊಳಗೆ ಬರುತ್ತದೆ, ಬಿಚ್ಚಿ ಕೊಂಡೊಯ್ದು ಕೀಲಿ ತೆಗೆಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು ಎಂಬುದು ಇದರ ಹಿಂದಿನ ಯೋಚನೆ. ಕರೆಂಟ್ ಹೋಗದ ಊರಿನಲ್ಲಿ ಇದು ಸರಿ. ನಮ್ಮಲ್ಲಿ ಗಾಳಿಮಳೆಗೆ ಹೋದ ಕರೆಂಟ್ ಮರುದಿನ ಮಧ್ಯಾಹ್ನ ಬಂದರೂ ಬಂತು. ಪೈ ಕಣ್ಣಿಗೆ ಅಂಥ ಪ್ರತಿ ಮಳೆಯೂ ಕಳ್ಳತನವೇ.

ಅವಧಿಯನ್ನು 24 ಗಂಟೆಗೆ ಏರಿಸುವುದು ಸುಲಭ, ಒಂದು ಸಾಲು ತಿದ್ದಿದರೆ ಸಾಕು. ನನಗೆ ಮನಸ್ಸಾಗಲಿಲ್ಲ. ಡಿಸ್ಕ್‌ನ ಕೀಲಿ ತೆಗೆದುಕೊಂಡು ಅದೇ ರಾತ್ರಿ ಮರಳಿ ಬಂದು ಸ್ವಿಚ್‌ಗೆ ಸಿಕ್ಕಿಸುವವರಿಗೂ ಆ 24 ಗಂಟೆ ಸಿಕ್ಕಿದಂತೆಯೇ. ಎಷ್ಟು ನಿಮಿಷ ಇಟ್ಟರೂ ಯಂತ್ರ ಆರಿದ್ದು ಯಾಕೆ ಎಂಬುದು ಗಡಿಯಾರಕ್ಕೆ ಗೊತ್ತಾಗದು. ಗೊತ್ತಾಗುವುದು ಮನೆಯಲ್ಲಿ ಇರುವವರಿಗೆ. ಕೋಣೆಯ ಬಾಗಿಲು ತೆರೆದು ನೋಡಿದರೆ ಪೆಟ್ಟಿಗೆ ಇದೆಯೋ ಇಲ್ಲವೋ ಅಮ್ಮ ಹೇಳಬಲ್ಲರು. 60 ಕಿಲೋಮೀಟರಿಗೂ ಆಚೆ ಫೋನ್ ಹಿಡಿದು ಕೂತ ನಾನು ಹೇಳಲಾರೆ.

ಹಾಗಾಗಿ 5 ನಿಮಿಷ ಹಾಗೇ ಉಳಿಯಿತು. ಪೈನಲ್ಲಿ ಹೊರಗಿನ ವೈರ್ ಜೋಡಿಸಲೆಂದೇ ಇರುವ ಜಿಪಿಐಒ ಪಿನ್‌ಗೆ ಒಂದು ಗುಂಡಿ ಜೋಡಿಸಿ, ಅಟ್ಟದಿಂದ ವೈರ್ ಇಳಿಸಿ ಚಿಕ್ಕಮ್ಮನ ಅಡುಗೆಮನೆಯ ಗೋಡೆಗೆ ಹಾಕಿದೆ. ಒತ್ತಿದರೆ ಮ್ಯಾಂಡೋಸ್-ಸಿಟಿಎಲ್ ಎಂಬ ಆದೇಶ ಓಡಿ ನಮ್ಮ ಕ್ಲೈಂಟನ್ನು ಮತ್ತೆ ಸಕ್ರಿಯ ಮಾಡುತ್ತದೆ. ಪೈ ತಾನೇ ಆರಿ ಎದ್ದರೂ ಗುಂಡಿ ಒತ್ತುವವರೆಗೆ ಏನೂ ಕೊಡಬಾರದು ಎಂದು ಸಂರಚನೆಯಲ್ಲಿ ಆ ಕ್ಲೈಂಟನ್ನು ಮೊದಲಿನಿಂದಲೇ ನಿಷ್ಕ್ರಿಯ ಎಂದು ಬರೆದಿದ್ದೇನೆ. ಅಮ್ಮ ನೋಡಬೇಕು, ಚಿಕ್ಕಮ್ಮ ಒತ್ತಬೇಕು. ಅಷ್ಟರವರೆಗೆ ಸರ್ವರ್ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಕಾಯುತ್ತಾ ಕೆಲವು ಸೆಕೆಂಡಿಗೊಮ್ಮೆ ಮತ್ತೆ ಕೇಳುತ್ತಿರುತ್ತದೆ.

ಮೊದಲ ದೊಡ್ಡ ಮಳೆಯಲ್ಲೇ ಪರೀಕ್ಷೆಯಾಯಿತು. ರಾತ್ರಿ ಹೋದ ಕರೆಂಟ್ ಬೆಳಿಗ್ಗೆ ಬಂತು. ಅಮ್ಮ ಅಂಗಳದಿಂದ "ಪೆಟ್ಟಿಗೆ ಇಲ್ಲೇ ಇದೆ, ಒತ್ತೇ" ಎಂದು ಕೂಗಿದರಂತೆ. ನನಗೆ ಫೋನ್ ಬರುವಷ್ಟರಲ್ಲಿ ಸರ್ವರ್ ಎದ್ದಿತ್ತು. "ನೀನು ಇನ್ನು ಇದಕ್ಕೆ ಅಂತ ಬರೋದು ಬೇಡ ಕಣೇ" ಎಂದರು.

ಜುಲೈ

ತಪಾಸಣೆಯ ವಿಧಾನ ಬದಲಿಸಿದೆ. ಬರೀ ಪಿಂಗ್, ಅಂದರೆ ಇದ್ದೀಯಾ ಎಂದು ಕೇಳುವುದಷ್ಟೇ ಆದರೆ, ಅದೇ ಐಪಿ ಇಟ್ಟುಕೊಂಡ ಬೇರೆ ಯಾವ ಯಂತ್ರವೂ ಉತ್ತರ ಕೊಟ್ಟು ಪೈಯನ್ನು ನಂಬಿಸಬಹುದು. ಈಗ ಯಂತ್ರದ ಗುರುತಾದ ಎಸ್‌ಎಸ್‌ಎಚ್ ಹೋಸ್ಟ್ ಕೀಲಿಯ ಬೆರಳಚ್ಚು ಹೊಂದಿದರೆ ಮಾತ್ರ ಲೆಕ್ಕಕ್ಕೆ. ಮ್ಯಾಂಡೋಸ್-ಕೀಜೆನ್ ಎಂಬ ಆದೇಶ ಇದಕ್ಕೆ ಬೇಕಾದ ಸೆಟ್ಟಿಂಗ್ ಸಾಲನ್ನು ತಾನೇ ಬರೆದುಕೊಡುತ್ತದೆ.

ಲಕ್ಸ್ 2ರಲ್ಲಿ 32 ಕೀಲಿ ಸ್ಲಾಟ್‌ಗಳವರೆಗೆ, ಅಂದರೆ ಒಂದೇ ಬೀಗಕ್ಕೆ ಅಷ್ಟು ಬೇರೆ ಬೇರೆ ಪಾಸ್‌ವರ್ಡ್ ಇಡಬಹುದು. ಒಂದರಲ್ಲಿ ಯಂತ್ರದ ಉದ್ದನೆಯ ಪಾಸ್‌ವರ್ಡ್, ಇನ್ನೊಂದರಲ್ಲಿ ಮನುಷ್ಯರು ಟೈಪ್ ಮಾಡಬಲ್ಲ ಕನ್ನಡ ಪದಗಳ ಸಾಲು, ಇಂಗ್ಲಿಷ್ ಅಕ್ಷರದಲ್ಲಿ. ಅದನ್ನು ಬರೆದ ಕಾಗದ ತೀರ್ಥಹಳ್ಳಿ ಪೇಟೆಯ ದೊಡ್ಡಮ್ಮನ ಮನೆಯಲ್ಲಿದೆ. ಪೈ ಕೆಟ್ಟರೂ ಕೀಬೋರ್ಡ್ ಸಿಕ್ಕಿಸಿ ಅದನ್ನು ಟೈಪ್ ಮಾಡಬಹುದು, ನೆಟ್‌ವರ್ಕ್‌ಗೆ ಕೇಳುತ್ತಿರುವಾಗಲೇ ಪರದೆಯ ಮೇಲೂ ಪ್ರಾಂಪ್ಟ್ ತೆರೆದಿರುತ್ತದೆ. ಈ ಸ್ಲಾಟ್‌ಗಳಿರುವ ಡಿಸ್ಕ್‌ನ ಮೊದಲ ಭಾಗವಾದ ಲಕ್ಸ್ ಹೆಡರ್‌ನ ಪ್ರತಿ ಶಿವಮೊಗ್ಗದಲ್ಲಿ ನನ್ನ ಬಳಿ ಇದೆ.

ಪೈನ ಮೆಮೊರಿ ಕಾರ್ಡನ್ನೂ ಎನ್‌ಕ್ರಿಪ್ಟ್ ಮಾಡಿ, ಎರಡು ಯಂತ್ರಗಳೂ ಒಂದಕ್ಕೊಂದು ಪಾಸ್‌ವರ್ಡ್ ಕೊಡುವಂತೆ ಮಾಡಬಹುದು, ಮ್ಯಾಂಡೋಸ್‌ನಲ್ಲಿ ಅದಕ್ಕೂ ಅವಕಾಶ ಇದೆ. ಆದರೆ ಹಾಗೆ ಮಾಡಿದರೆ, ಎರಡು ದಿನದ ಕತ್ತಲಿಗೆ ಇನ್ವರ್ಟರ್‌ಗಳೂ ಖಾಲಿಯಾದರೆ ಎರಡೂ ಒಂದನ್ನೊಂದು ಕಾಯುತ್ತಾ ಕೂರುತ್ತವೆ. ಅದಕ್ಕಾಗಿ ಪೈಯನ್ನು ಹಾಗೇ ಬಿಟ್ಟಿದ್ದೇನೆ. ಮುಂದಿನ ಸಲ ಹೋದಾಗ ಅದಕ್ಕೊಂದು ಬೇರೆ ಬ್ಯಾಟರಿ ಕೂರಿಸಬೇಕು, ಚಿಕ್ಕಪ್ಪ ಹಳೆಯ ಸೋಲಾರ್ ಪ್ಯಾನೆಲ್ ಕೊಡುತ್ತೇನೆ ಎಂದಿದ್ದಾರೆ.