ಆರನೆಯ ಸೆಮಿಸ್ಟರಿಗೆ ಮರಳಿದವರು

ನಮ್ಮ ಕಾಲೇಜಿನ ಡಿಜಿಟಲ್ ಮಾಧ್ಯಮ ಪದವಿಗೆ ನಾನು ಸೇರಿದ್ದು 2021ರಲ್ಲಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2014ರಲ್ಲಿ ಆರಂಭಿಸಿದ ಬಿ.ವೋಕ್. ಎಂಬ ವೃತ್ತಿಶಿಕ್ಷಣ ಮಾದರಿಯ ಪದವಿ ಅದು: ಶೇ 60ರಷ್ಟು ಕೌಶಲ, ಶೇ 40ರಷ್ಟು ಸಾಮಾನ್ಯ ಶಿಕ್ಷಣ. ಇಂಥ ಪದವಿಗಳಲ್ಲಿ ಕೆಲಸದ ತರಬೇತಿಯನ್ನು ಕೊನೆಯ ಸೆಮಿಸ್ಟರಿಗೆ ಇಟ್ಟುಬಿಡುವುದು ಸಾಮಾನ್ಯ. ಹಾಗೆ ಹೋದವರು ಮತ್ತೆ ತರಗತಿಯ ಮುಖ ನೋಡುವುದಿಲ್ಲ. ನಮ್ಮ ವಿಭಾಗದವರು ಮಾತ್ರ ನಾಲ್ಕು ಮತ್ತು ಐದನೆಯ ಸೆಮಿಸ್ಟರುಗಳನ್ನು ಸೇರಿಸಿ ಇಡೀ ಒಂದು ವರ್ಷ ನಮ್ಮನ್ನು ಕೆಲಸಕ್ಕೆ ಕಳುಹಿಸಿ, ಆರನೆಯದಕ್ಕೆ ವಾಪಸ್ ಕರೆಸಿಕೊಂಡರು. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಎರಡನೆಯ ವರ್ಷಕ್ಕೂ ಅಂತಿಮ ವರ್ಷಕ್ಕೂ ನಡುವೆ ಒಂದು ವರ್ಷದ ಕೆಲಸವನ್ನಿಡುವ ಪದ್ಧತಿ ಹಿಂದಿನಿಂದಲೂ ಇದೆಯೆಂದೂ, ಅದಕ್ಕೆ ಅಲ್ಲಿ ಸ್ಯಾಂಡ್‌ವಿಚ್ ಕೋರ್ಸ್ ಎನ್ನುತ್ತಾರೆಂದೂ ವಿಭಾಗದ ಮುಖ್ಯಸ್ಥರಾಗಿದ್ದ ಮೇಡಂ ನಮಗೆ ಹೇಳಿದ್ದರು. ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಅವರೇ ಕೇಳಿದಾಗ, ಆ ಒಂದು ವರ್ಷದ ಬಗ್ಗೆಯೂ, ಅದಕ್ಕಿಂತ ಮುಖ್ಯವಾಗಿ ಮರಳಿ ಬಂದು ಕುಳಿತ ತರಗತಿಯ ಬಗ್ಗೆಯೂ ಬರೆಯಬೇಕೆನಿಸಿತು.

ಮೊದಲ ಮೂರು ಸೆಮಿಸ್ಟರುಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕ್ಯಾಮೆರಾ, ಧ್ವನಿಮುದ್ರಣ, ಸಂಕಲನ, ಜಾಲತಾಣ ವಿನ್ಯಾಸ, ಮಾಧ್ಯಮ ಕಾನೂನು ಎಲ್ಲವನ್ನೂ ಮನಸ್ಸಿಟ್ಟು ಕಲಿಸಿದ ಅಧ್ಯಾಪಕರಿದ್ದರು. ಶಿರಾ, ಮಧುಗಿರಿ, ಕೊರಟಗೆರೆ, ಗುಬ್ಬಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮಲ್ಲಿ ಬಹುತೇಕರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ; ಸಂಜೆ ಕೊನೆಯ ಬಸ್ಸಿನ ಹೊತ್ತಿನವರೆಗೂ ಲ್ಯಾಬಿನ ಬಾಗಿಲು ತೆರೆದಿಡುತ್ತಿದ್ದ ಸಿಬ್ಬಂದಿಯ ಉಪಕಾರವನ್ನು ನಾವು ಯಾರೂ ಮರೆತಿಲ್ಲ. ಆದರೆ ಆಗ ಓದಿದ್ದರಲ್ಲಿ ಹೆಚ್ಚಿನದನ್ನು ಪರೀಕ್ಷೆಗೆಂದೇ ಓದಿದ್ದೆವು.

ಕೆಲಸಕ್ಕೆ ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಸಾಕ್ಷ್ಯಚಿತ್ರ ಮತ್ತು ತರಬೇತಿ ವಿಡಿಯೊಗಳನ್ನು ಮಾಡುವ ಒಂದು ಸಣ್ಣ ಸ್ಟುಡಿಯೊ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್. ಬೆಳಗಿನ ರೈಲಿನಲ್ಲಿ ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ ದಾಟಿ ಯಶವಂತಪುರದಲ್ಲಿ ಇಳಿಯುವ ಪಾಸಿನ ಪ್ರಯಾಣಿಕರಲ್ಲಿ ನಾನೂ ಒಬ್ಬಳಾದೆ. ಆ ಸ್ಟುಡಿಯೊದ ಹಿರಿಯ ಸಂಕಲನಕಾರರನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು. ಯಾವ ಕೆಲಸವನ್ನೇ ಕೊಟ್ಟರೂ ಅದು ಏಕೆ ಹಾಗೆಂದು ಒಂದೇ ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುವುದು ಅವರ ರೀತಿ. ಮೂಲ ಚಿತ್ರೀಕರಣದ ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು ಎಂಬ ನಿಯಮ ಪಾಲನೆಯಾಗುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಲು ಅವರು ಯಾರಿಗೂ ಬಿಡುತ್ತಿರಲಿಲ್ಲ.

ಮೊದಲ ತಿಂಗಳುಗಳಲ್ಲಿ ನನ್ನ ಪಾಲಿಗೆ ಬಂದದ್ದು ಪರದೆಯ ಮೇಲಿನ ಕನ್ನಡ ಅಕ್ಷರಗಳ ಕೆಲಸ. ಅದನ್ನು ಹಗುರವಾಗಿ ಕಾಣುವವರು ಇದ್ದಾರೆ. ನನಗೆ ಮಾತ್ರ ಆ ಕೆಲಸದ ಮೇಲೆ ಇಂದಿಗೂ ವಿಶೇಷ ಪ್ರೀತಿ. ಸಂಸ್ಥೆಗಳಿಂದ ಬರುತ್ತಿದ್ದ ಬರಹಗಳಲ್ಲಿ ಅನೇಕವು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾಗಿರುತ್ತಿದ್ದವು. ಅವುಗಳನ್ನು ನೇರವಾಗಿ ಅಂಟಿಸಿದರೆ ರೋಮನ್ ಅಕ್ಷರಗಳ ಗೋಜಲು ಕಾಣಿಸುತ್ತಿತ್ತು; ಮೊದಲು ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಸಾಲುಸಾಲಾಗಿ ನೋಡಬೇಕಿತ್ತು. ಯುನಿಕೋಡಿನಲ್ಲಿ ‘ಕ್ಷ’ ಎಂಬುದು ಕ, ಹಲಂತದ ಚಿಹ್ನೆ, ಷ ಎಂಬ ಮೂರು ಸಂಕೇತಗಳ ಸರಣಿ. ಅವನ್ನು ಕೂಡಿಸಿ ಒಂದೇ ಆಕಾರವಾಗಿ ತೋರಿಸುವುದು ತಂತ್ರಾಂಶದ ಹೊಣೆ. ಸಂಕಲನ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಮಾಡದಿದ್ದರೆ ಆ ಮೂರೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅದು ಸರಿಯಾದರೂ ಇಂಗ್ಲಿಷಿಗೆ ಸಾಕಾಗುವ ಸಾಲಂತರ ಕನ್ನಡಕ್ಕೆ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟು, ಎರಡೇ ಸಾಲಿಗೆ ಮಾತನ್ನು ಹೊಂದಿಸಿ, ನಿಧಾನವಾಗಿ ಓದುವವರಿಗೂ ಎಟುಕುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸುವುದನ್ನು ನಾನು ಕಲಿತದ್ದು ಅಲ್ಲಿಯೇ.

ಮಳೆಗಾಲದ ನಂತರ ಪಾವಗಡಕ್ಕೆ ಚಿತ್ರೀಕರಣಕ್ಕೆ ಹೊರಟ ತಂಡದಲ್ಲಿ, ತುಮಕೂರು ಜಿಲ್ಲೆಯವಳೆಂಬ ಕಾರಣಕ್ಕೆ, ನನ್ನನ್ನೂ ಸೇರಿಸಿಕೊಂಡರು. ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಆ ಸೌರ ವಿದ್ಯುತ್ ಪಾರ್ಕಿನ ಬಗ್ಗೆ ಎಲ್ಲರೂ ಕೇಳಿದ್ದಾರೆ. ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದು ನಿಗದಿಯಾಗಿತ್ತು. ಕಡಲೆಕಾಯಿ ಬೆಳೆದು ಬರಕ್ಕೆ ಸೋತಿದ್ದ ಯಜಮಾನರೊಬ್ಬರು ಈ ಹಣ ತಪ್ಪದೆ ಬರುತ್ತದೆಂದು ನೆಮ್ಮದಿಯಿಂದ ಹೇಳಿದರು. ಅವರ ಪಕ್ಕದಲ್ಲೇ ಕುಳಿತಿದ್ದ ಹೆಂಗಸು, ಆ ಕಡೆಯವರ ಮಾತಿನಂತೆ ತೆಲುಗನ್ನೂ ಕನ್ನಡವನ್ನೂ ಬೆರೆಸುತ್ತಾ, ‘ಭೂಮಿ ಇದ್ದೋರಿಗೆ ಬಾಡಿಗೆ ಬಂತಮ್ಮ, ಅದೇ ಭೂಮೀಲಿ ಕಳೆ ಕೀಳ್ತಿದ್ದ ನಮಗೆ ಏನು ಬಂತು?’ ಎಂದು ಕೇಳಿದರು. ಆ ಮಾತಿನ ಧ್ವನಿಮುದ್ರಣದ ಹೊಣೆ ನನ್ನದಾಗಿತ್ತು. ಸೆರಗಿಗೆ ಸಿಕ್ಕಿಸಿದ್ದ ಪುಟ್ಟ ಮೈಕಿಗೆ ಬಟ್ಟೆ ಉಜ್ಜುತ್ತಿತ್ತು, ಕೈಯೆತ್ತಿದಾಗಲೆಲ್ಲ ಬಳೆಯ ಸದ್ದು ಮಾತಿಗಿಂತ ಮುಂದಾಗುತ್ತಿತ್ತು, ಬಯಲ ಗಾಳಿ ಬೇರೆ. ಮೈಕನ್ನು ರವಿಕೆಯ ಅಂಚಿಗೆ ತಾವೇ ಬದಲಿಸಿಕೊಳ್ಳುವಂತೆ ಅವರನ್ನು ಕೇಳಿಕೊಂಡು, ಅದಕ್ಕೆ ಗಾಳಿ ತಡೆಯುವ ತುಪ್ಪಳದ ಹೊದಿಕೆ ಹಾಕಿ, ಮಾತೆಲ್ಲ ಮುಗಿದ ಮೇಲೆ ಎಲ್ಲರೂ ಅರ್ಧ ನಿಮಿಷ ಸುಮ್ಮನಿರುವಂತೆ ಬೇಡಿಕೊಂಡು ಆ ಜಾಗದ ಬರಿಯ ಸದ್ದನ್ನು ಹಿಡಿದುಕೊಂಡೆ. ಸಂಕಲನದಲ್ಲಿ ಮಾತಿನ ನಡುವೆ ಕತ್ತರಿಸಿದ ಕಡೆಗಳಲ್ಲಿ ಕಿವಿಗೆ ಗುಂಡಿ ಬೀಳದಂತೆ ತುಂಬುವುದು ಆ ಸದ್ದೇ. ಆ ತಾಯಿಯ ಪ್ರಶ್ನೆಯನ್ನು ಒಂದು ಪದವನ್ನೂ ಬಿಡದೆ ಅಂತಿಮ ಚಿತ್ರದಲ್ಲಿ ಉಳಿಸಿಕೊಂಡೆವು.

ಆರನೆಯ ಸೆಮಿಸ್ಟರಿಗೆ ಮರಳಿದಾಗ ಮಾಧ್ಯಮ ನೀತಿಯ ಪಾಠ ಎರಡನೆಯ ಬಾರಿ, ಇನ್ನಷ್ಟು ವಿವರವಾಗಿ ಇತ್ತು. ಪ್ರಸಾರದ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ್ದು, ಸಮುದಾಯ ಬಾನುಲಿ ನಡೆಸಲು ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ 2006ರಲ್ಲಿ ಅವಕಾಶ ಕೊಟ್ಟದ್ದು ನಮಗೆ ಮೊದಲ ವರ್ಷದಲ್ಲಿ ಎರಡು ಅಂಕದ ಪ್ರಶ್ನೆಗಳಾಗಿದ್ದವು. ಈಗ ಮೇಡಂ ಕೋಲಾರ ಜಿಲ್ಲೆಯ ಬೂದಿಕೋಟೆಯ ಕಥೆ ಹೇಳತೊಡಗಿದರು: ಪ್ರಸಾರಕ್ಕೆ ಇನ್ನೂ ಅನುಮತಿಯಿಲ್ಲದ ಕಾಲದಲ್ಲಿ ಆ ಊರಿನವರು, ಅದರಲ್ಲಿ ಹೆಂಗಸರೂ ಸೇರಿ, ‘ನಮ್ಮ ಧ್ವನಿ’ ಹೆಸರಿನಲ್ಲಿ ತಮ್ಮದೇ ಕಾರ್ಯಕ್ರಮಗಳನ್ನು ಮಾಡಿ ಕೇಬಲ್ಲಿನ ಮೂಲಕ ಮನೆಮನೆಗೆ ಮುಟ್ಟಿಸಿದ್ದರು. ಪಾವಗಡದ ಆ ಹೆಂಗಸಿನ ಕೈಗೇ ಮೈಕು ಸಿಕ್ಕಿದ್ದರೆ ಅವರು ಯಾರನ್ನು, ಏನನ್ನು ಕೇಳುತ್ತಿದ್ದರು ಎಂದು ನಾನು ತರಗತಿಯಲ್ಲಿ ಎದ್ದು ಕೇಳಿದೆ. ಆ ದಿನದ ಚರ್ಚೆ ಮುಂದಿನ ಪಿರಿಯಡ್ಡನ್ನೂ ನುಂಗಿಹಾಕಿತು, ಯಾರೂ ಬೇಸರಪಡಲಿಲ್ಲ.

ಕೆಲಸದಲ್ಲಿ ಕಂಡದ್ದು ತರಗತಿಯಲ್ಲಿ ಅರ್ಥವಾದದ್ದಕ್ಕೆ ಇನ್ನೊಂದು ಉದಾಹರಣೆ. ಟ್ಯೂಬ್‌ಲೈಟಿನ ಕೆಳಗೆ ಶಟರನ್ನು ಸೆಕೆಂಡಿನ 50ನೆಯ ಒಂದು ಭಾಗಕ್ಕೆ ಇಡು, 60ಕ್ಕೆ ಇಟ್ಟರೆ ಚಿತ್ರ ಮಿನುಗುತ್ತದೆ ಎಂದು ಅಣ್ಣ ಹೇಳಿದ್ದನ್ನು ನಾನು ವರ್ಷವಿಡೀ ಪಾಲಿಸಿದ್ದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ದೀಪ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ, ಶಟರ್ ತೆರೆದಿರುವ ಅವಧಿ ಆ ಏರಿಳಿತಗಳ ಪೂರ್ಣ ಸಂಖ್ಯೆಗೆ ಹೊಂದಿದರೆ ಪ್ರತಿ ಚೌಕಟ್ಟಿಗೂ ಒಂದೇ ಪ್ರಮಾಣದ ಬೆಳಕು ಸಿಗುತ್ತದೆ ಎಂದು ಭೌತಶಾಸ್ತ್ರದ ಸರ್ ಹಲಗೆಯ ಮೇಲೆ ಅಲೆ ಬರೆದು ತೋರಿಸಿದಾಗ ಇಡೀ ತರಗತಿ ಮುಂದಕ್ಕೆ ಬಾಗಿ ಕುಳಿತಿತ್ತು. ಎಲ್ಲರೂ ಎಲ್ಲೋ ಒಂದು ಕಡೆ ಆ ಮಿನುಗನ್ನು ಕಂಡು ಬಂದವರೇ.

ಕಹಿಯ ಮಾತನ್ನೂ ಹೇಳಬೇಕು. ನನ್ನ ಸಹಪಾಠಿಗಳಲ್ಲಿ ಕೆಲವರು ಒಂದು ವರ್ಷ ಪೂರ್ತಿ ಸಂಬಳವಿಲ್ಲದೆ ದುಡಿದರು. ಇಬ್ಬರಿಗೆ ಕೊನೆಯಲ್ಲಿ ಪ್ರಮಾಣಪತ್ರಕ್ಕೂ ಅಲೆದಾಟವಾಯಿತು. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತರಾದವರಿಗೆ ಸ್ಟೈಪೆಂಡ್ ಕೊಡುವುದು ಕಡ್ಡಾಯ. ಅದರ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯು ಪದವಿ ಹಂತದವರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತುಮಾಡಿತು. ಬರಿಯ ಇಂಟರ್ನ್ ಎಂದು ಸೇರಿಸಿಕೊಂಡವರಿಗೆ ಆ ಕಾಯ್ದೆಯ ರಕ್ಷಣೆ ಇಲ್ಲ. ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಬೇಕಾದ ಮಗುವಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಹಣವಿದ್ದವರ ಮಕ್ಕಳಿಗೆ ಮಾತ್ರ ಒಳ್ಳೆಯ ಕಡೆ ಕಲಿಯುವ ವರ್ಷ ದಕ್ಕುವಂತಾದರೆ ಪದವಿಯ ಉದ್ದೇಶವೇ ಕೆಡುತ್ತದೆ.

ನಾನೀಗ ಕೆಲಸ ಮಾಡುವ ಸಂಸ್ಥೆಯಲ್ಲಿ ನಮ್ಮ ಕಾಲೇಜಿನ ಇಬ್ಬರನ್ನು ಮುಂದಿನ ಸಾಲಿನಿಂದ ಅಪ್ರೆಂಟಿಸ್‌ಗಳಾಗಿ ನೋಂದಾಯಿಸಿಕೊಂಡು ತೆಗೆದುಕೊಳ್ಳಲು ಒಪ್ಪಿದ್ದಾರೆ. ಸ್ಟೈಪೆಂಡ್, ಕೆಲಸದ ವೇಳೆ, ಆರನೆಯ ಸೆಮಿಸ್ಟರಿಗೆ ಬಿಟ್ಟುಕೊಡುವ ದಿನಾಂಕ ಮೂರೂ ಒಪ್ಪಂದದ ಪತ್ರದಲ್ಲಿವೆ. ಪತ್ರವನ್ನು ವಿಭಾಗದ ಕಚೇರಿಗೆ ತಲುಪಿಸಿದ್ದೇನೆ. ಆಸಕ್ತರು ಮೇಡಂ ಅವರನ್ನು ಕಂಡು ಹೆಸರು ಕೊಡಬಹುದು.